ದೇವದಾಸರು ಆರಿಸಿದ ಎರಡು ಫ್ಯಾನಿನ ಕಾರ್ಡು

ಮುಂಬಯಿ ಹತ್ತಿರದ ಡೊಂಬಿವಲಿಯ ದೇವದಾಸರು ಒಂದು ವರ್ಷದಿಂದ ಲೋಕದ ಎಲ್ಲ ಪ್ರಶ್ನೆಗಳಿಗೂ ಒಂದೇ ಉತ್ತರ ಕೊಡುತ್ತಿದ್ದರು: "ಯಾವುದಾದ್ರೂ ಆಗ್ತದೆ." ಚಹಾವೋ ಕಾಫಿಯೋ ಎಂದರೂ ಅದೇ, ನೀಲಿ ಅಂಗಿಯೋ ಬಿಳಿಯದೋ ಎಂದರೂ ಅದೇ. ಮಹಾಮುನಿಗಳು ಮೈಮೇಲೆ ಹುತ್ತ ಬೆಳೆಸಿಕೊಂಡು ಸಂಪಾದಿಸಿದ ನಿರ್ಲಿಪ್ತತೆಯನ್ನು ಇವರು ಒನ್ ರೂಮ್ ಕಿಚನ್‌ನಲ್ಲಿ, ಟಿ.ವಿ.ಯ ಎದುರು ಕೂತೇ ಸಾಧಿಸಿದ್ದರು. ಹೆಂಡತಿ ಸುಂದರಿಗೆ ಮಾತ್ರ ಮನೆಯಲ್ಲೊಬ್ಬ ಮುನಿ ಬೇಕಿರಲಿಲ್ಲ.

ಹಿಂದೆ ಹೀಗಿರಲಿಲ್ಲ. ಸ್ಟೇಷನ್ ಬಳಿಯ ಹೋಟೆಲಿನ ಅಡುಗೆಮನೆ ಅವರ ಸಾಮ್ರಾಜ್ಯವಾಗಿತ್ತು. ಹೊಸ ಗ್ರೈಂಡರ್ ಕೊಳ್ಳುವಾಗ ಮೋಟಾರಿಗೆ ಕಿವಿಯಿಟ್ಟು ಕೇಳಿ, "ಇದಕ್ಕೆ ದಮ್ಮು ಉಂಟು, ಕೊಡು" ಎಂದು ಆಜ್ಞಾಪಿಸುತ್ತಿದ್ದರು. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗಾಗಿ ಮಾರ್ಕೆಟ್ಟಿನಲ್ಲಿ ಮಹಾಯುದ್ಧ ಹೂಡುತ್ತಿದ್ದರು. ವರ್ಷದ ಹಿಂದೆ ಧಣಿಗಳು ಹೋಟೆಲನ್ನು ಮಾರಿದರು, ದೋಸೆಯ ಕಾವಲಿ ಇದ್ದಲ್ಲಿ ಮೊಬೈಲ್ ಅಂಗಡಿ ಬಂತು. ದೇವದಾಸರು ಭಿವಂಡಿಯ ಗೋಡೌನೊಂದರಲ್ಲಿ ಪೆಟ್ಟಿಗೆಗಳಿಗೆ ಮೊಹರು ಒತ್ತುವ ಕೆಲಸಕ್ಕೆ ಸೇರಿದರು. ಒಳಗೇನಿದೆ ಎಂದು ಒಂದು ದಿನವೂ ಕೇಳಲಿಲ್ಲ. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಡಾಕ್ಟರು ರಕ್ತ ಪರೀಕ್ಷಿಸಿ ಎಲ್ಲ ಸರಿಯಿದೆ ಎಂದರು.

ಅದು ೨೦೧೫. ಕಾಲೇಜಿಗೆ ಹೋಗುವ ಮಗಳು ನಿಶ್ಮಿತಾ, ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ದುಡ್ಡಿನಲ್ಲಿ ಆಟದ ಕಂಪ್ಯೂಟರೊಂದನ್ನು ಬಿಡಿ ಬಿಡಿಯಾಗಿ ಕಟ್ಟುತ್ತಿದ್ದಳು. ಕ್ಯಾಬಿನೆಟ್ ಎಂಬ ಕಬ್ಬಿಣದ ಪೆಟ್ಟಿಗೆ ಅಗ್ಗದಲ್ಲಿ ಸಿಕ್ಕಿತ್ತು. ಉಳಿದದ್ದು ಆಟದ ಚಿತ್ರಗಳನ್ನು ಪರದೆಯ ಮೇಲೆ ಓಡಿಸುವ ಗ್ರಾಫಿಕ್ಸ್ ಕಾರ್ಡು ಮಾತ್ರ.

"ಕಾರ್ಡು ಪಪ್ಪ ಆರಿಸಲಿ" ಎಂದಳು ಸುಂದರಿ.

"ಅಮ್ಮಾ, ಪಾಗಲ್ ಹೋ ಕ್ಯಾ? ಹುಚ್ಚಾ ನಿಂಗೆ? ಅವರಿಗೆ ಏನು ಗೊತ್ತು?"

"ಎಂತದೂ ಗೊತ್ತಿಲ್ಲ. ಆದ್ರೆ ಒಂದು ಸಲ 'ಇದು ಬೇಕು' ಅಂತ ಅವರ ಬಾಯಲ್ಲಿ ಬರ್ಲಿ ಮಗಾ. ಒಂದೇ ಸಲ. ನಂಗೆ ಅಷ್ಟು ಸಾಕು."

ಭಾನುವಾರ ಈ ಮೂವರ ಸೈನ್ಯ ಸ್ಲೋ ಲೋಕಲ್ ರೈಲು ಏರಿ ಕಲ್ಯಾಣದತ್ತ ದಂಡೆತ್ತಿ ಹೋಯಿತು. ಅಲ್ಲಿ ಕಾರ್ಕಳ ಕಡೆಯಿಂದ ಬಂದ ಮುರಾರಿಯ ಕಂಪ್ಯೂಟರ್ ಅಂಗಡಿ. ಮುರಾರಿ ಎರಡು ಡಬ್ಬಿ ಇಟ್ಟ. ಹಸಿರು ಡಬ್ಬಿಯ ಕಾರ್ಡಿಗೆ ಬಿಸಿಯಾಗದಂತೆ ಗಾಳಿ ಹಾಕಲು ಒಂದು ಫ್ಯಾನು, ಕೆಂಪು ಡಬ್ಬಿಯದಕ್ಕೆ ಎರಡು. ಬೆಲೆ ಹೆಚ್ಚುಕಡಿಮೆ ಒಂದೇ.

"ಯಾವುದು ಕೊಡ್ಲಿ ದೇವದಾಸಣ್ಣ?"

"ಯಾವುದಾದ್ರೂ ಆಗ್ತದೆ."

ಸುಂದರಿ ಸ್ಟೂಲೊಂದನ್ನು ಎಳೆದು ಕೂತಳು. "ಹಾಗಾದ್ರೆ ನಾವು ಇಲ್ಲೇ ಇರ್ತೇವೆ. ಮುರಾರಿ, ಶಟರ್ ಹಾಕುವಾಗ ಹೇಳಿ."

ಮುತ್ತಿಗೆ ಆರಂಭವಾಯಿತು. ಮುರಾರಿ ಅರ್ಧ ಲೋಟದ ಕಟಿಂಗ್ ಚಹಾ ತರಿಸಿದ. ಗಿರಾಕಿಗಳು ಸುಂದರಿಯನ್ನು ಬಳಸಿಕೊಂಡು ಓಡಾಡಿದರು. ಕೊನೆಗೆ ದೇವದಾಸರ ಕೈ, ಯಜಮಾನನಿಗೆ ಹೇಳದೆ ಹೊರಟಂತೆ, ಹಸಿರು ಡಬ್ಬಿಯ ಕಾರ್ಡನ್ನು ಎತ್ತಿ ತೂಗಿ ನೋಡಿತು. ಆಮೇಲೆ ಕೆಂಪು ಡಬ್ಬಿಯದನ್ನು.

"ಓಡಿಸಿ ತೋರಿಸು" ಎಂದರು.

ಮುರಾರಿ ಒಂದೊಂದಾಗಿ ಓಡಿಸಿದ. ದೇವದಾಸರು ಕಿವಿಯಿಟ್ಟು ಕೇಳಿದರು. "ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನು ಸಣ್ಣದಾದ್ರೆ ಹೊಗೆ ಹಿಡೀತದೆ" ಎಂದವರೇ ಎರಡು ಫ್ಯಾನಿನದರ ಮೇಲೆ ಬೆರಳಿಟ್ಟರು. "ಇದು ಬೇಕು."

ನಿಶ್ಮಿತಾ ವಾರಗಟ್ಟಲೆ ಓದಿ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡದ್ದು ಹಸಿರು ಡಬ್ಬಿಯನ್ನು. ಬಾಯಿ ತೆರೆದಳು. ಸುಂದರಿಯ ಚಪ್ಪಲಿ ಅವಳ ಪಾದದ ಮೇಲೆ ಭಾರವಾಗಿ ಇಳಿಯಿತು. ಬಾಯಿ ಮುಚ್ಚಿತು.

ಮನೆಗೆ ಬಂದು ಜೋಡಿಸಲು ಹೋದರೆ ಕಾರ್ಡು ಎರಡು ಬೆರಳು ಹೆಚ್ಚು ಉದ್ದ. ಕ್ಯಾಬಿನೆಟ್ಟಿನೊಳಗೆ ಹಾರ್ಡ್ ಡಿಸ್ಕ್ ಕೂರುವ ಕಬ್ಬಿಣದ ಗೂಡು ಕೋಟೆಯಂತೆ ಅಡ್ಡ ನಿಂತಿತ್ತು. ನಿಶ್ಮಿತಾ ಮುರಾರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ತನ್ನಿ, ಬದಲಾಯಿಸಿ ಹಸಿರಿಂದು ಕೊಡ್ತೇನೆ. ಅದು ಗಿಡ್ಡ, ಸಲೀಸಾಗಿ ಕೂತ್ಕೊಳ್ತದೆ" ಎಂದ ಮುರಾರಿ.

ನಿಶ್ಮಿತಾಳ ಮುಖ ಅರಳಿತು. ಸುಂದರಿ ಗಂಡನ ಕಡೆ ತಿರುಗಿದಳು. ಆ ಹಳೆಯ ಉತ್ತರಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ.

"ಬೇಡ" ಎಂದರು ದೇವದಾಸರು. "ಇದೇ ಬೇಕು. ಅಲ್ಲ ಮಾರಾಯ, ಮಾರುವಾಗ ಅಳತೆ ನೋಡ್ಲಿಕ್ಕೆ ಆಗುದಿಲ್ವಾ ನಿಂಗೆ?"

"ಪೆಟ್ಟಿಗೆ ನೀವು ಬೇರೆ ಕಡೆ ತಗೊಂಡದ್ದಲ್ವಾ ದೇವದಾಸಣ್ಣ! ನಂಗೆ ಕನಸು ಬೀಳ್ತದಾ?"

"ಬಾಯಿ ಇಲ್ವಾ ಕೇಳ್ಲಿಕ್ಕೆ? ಅಂಗಡಿ ಇಟ್ಟದ್ದು ಎಂತಕ್ಕೆ, ಗಾಳಿ ಹಾಕ್ಲಿಕ್ಕಾ?"

ನ್ಯಾಯ ಪೂರ್ತಿ ಮುರಾರಿಯ ಕಡೆಗಿತ್ತು. ದೇವದಾಸರು ಅದನ್ನು ಲೆಕ್ಕಿಸದೆ ಬೈದರು. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು. ಚೆನ್ನಾಗಿ ಕೇಳಲೆಂದು ಸುಂದರಿ ಗ್ಯಾಸ್ ಆರಿಸಿದಳು.

ಪಕ್ಕದ ಮನೆಯ ವಿಷ್ಣುಮೂರ್ತಿಯವರ ಡ್ರಿಲ್ ಬಂತು. ನಿಶ್ಮಿತಾ ಗೊಣಗುತ್ತಲೇ ಒಳಗಿನ ಸಾಮಾನನ್ನೆಲ್ಲ ಬಿಚ್ಚಿ ಹಾಸಿಗೆಯ ಮೇಲಿಟ್ಟಳು. ದೇವದಾಸರು ಗೂಡನ್ನು ಬಿಗಿದಿದ್ದ ರಿವೆಟ್ ಮೊಳೆಗಳನ್ನು ಒಂದೊಂದಾಗಿ ಕೊರೆದು ಕಬ್ಬಿಣದ ಗೂಡನ್ನು ಕಿತ್ತು ಬಾಗಿಲಾಚೆ ಇಟ್ಟರು. ಗೂಡು ಕಳೆದುಕೊಂಡ ಹಾರ್ಡ್ ಡಿಸ್ಕಿಗೆ ಸಿ.ಡಿ. ಡ್ರೈವಿನ ಖಾಲಿ ಜಾಗದಲ್ಲಿ ಆಶ್ರಯ ದೊರೆಯಿತು.

ಕಾರ್ಡು ಕೂತಿತು. ಎರಡು ಫ್ಯಾನೂ ತಿರುಗಿದವು. ಪರದೆಯ ಮೇಲೆ ಕಾರೊಂದು ಹೊರಟು ಮೊದಲ ತಿರುವಿನಲ್ಲೇ ಗೋಡೆಗೆ ಬಡಿಯಿತು.

"ಚಲ್ತಾ ಹೈ, ನಡೀತದೆ" ಎಂದಳು ನಿಶ್ಮಿತಾ, ಅರೆಮನಸ್ಸಿನಿಂದ.

ದೇವದಾಸರು ಪರದೆ ನೋಡುತ್ತಿರಲಿಲ್ಲ. ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತಿದ್ದರು. ಮುಖ ಎಂದಿನಂತೆ ಬರಿದಾಗಿತ್ತು.

"ಚಹಾವಾ, ಕಾಫಿಯಾ?" ಕೇಳಿದಳು ಸುಂದರಿ.

"ಯಾವುದಾದ್ರೂ ಆಗ್ತದೆ."

ಅವಳು 'ಬೇಕು' ಎಂಬ ಮಾತನ್ನು ಬೇಡಿದ್ದು ಒಂದೇ ಸಲಕ್ಕೆ, ಸಿಕ್ಕಿದ್ದು ಎರಡು ಸಲ. ಮತ್ತೆ ಕೇಳದೆ ಚಹಾಕ್ಕೆ ನೀರಿಟ್ಟಳು.