ಗಾಡಿಗೆ ಎರಡನೇ ಕ್ಲಚ್ ಯಾಕೆ ಅಂದಿದ್ದೆ

ಕ್ಲಚ್ ಪೂರ್ತಿ ಒತ್ತಿದೆ. ಟ್ರ್ಯಾಕ್ಟರ್ ನಿಲ್ಲಲಿಲ್ಲ!

ಹತ್ತು ಹೆಜ್ಜೆ ಮುಂದೆ ನನ್ನ ಗಂಡ ಬಗ್ಗಿ ಕಲ್ಲು ಆರಿಸುತ್ತಿದ್ದರು. ಬೆನ್ನು ನನ್ನ ಕಡೆ...

ಮಟಕಿ ಊರಿನ ನಮ್ಮ ಹೊಲದಲ್ಲಿ ತೊಗರಿ ಕೂಳೆ ಕತ್ತರಿಸುವ ಕೆಲಸ ನಡೆದಿತ್ತು. ಟ್ರ್ಯಾಕ್ಟರ್ ಮಾವನವರ ಕಾಲದ್ದು. ಹಿಂದೆ ಕಟ್ಟಿದ, ಬ್ಲೇಡ್ ತಿರುಗಿಸಿ ಕೂಳೆ ಕತ್ತರಿಸುವ ಸ್ಲ್ಯಾಷರ್ ಮಾತ್ರ ಹೋದ ವಾರ ಅಫಜಲಪುರದಿಂದ ತಂದದ್ದು.

ಆರಿಸಿದವಳು ನಾನೇ. ಗಾಡಿಗೆ ಜೋಡಿಸುವ ಹಿಚ್ ಪಿನ್ ಎಷ್ಟು ದಪ್ಪ, ಅದನ್ನೆತ್ತುವ ಹಳೇ ಲಿಫ್ಟ್ ಭಾರ ತಡೆಯುತ್ತಾ, ಎಲ್ಲಾ ಅಳೆದು ನೋಡಿದ್ದೆ. ದೊಡ್ಡ ಜಾಣೆ!

ಅಂಗಡಿಯ ಮಹಿಬೂಬ್ ಅಣ್ಣ ಆಗಲೇ ಎಚ್ಚರಿಸಿದ್ದರು. “ಹಳೀ ಗಾಡಿ ಅದರಿ ಅಕ್ಕಾರ. ಸ್ಲ್ಯಾಷರ್ ಶಾಫ್ಟಿಗಿ ಓವರ್‌ರನ್ನಿಂಗ್ ಕ್ಲಚ್ ಹಾಕಸ್ರಿ.”

“ಗಾಡಿಗಿ ಒಂದು ಕ್ಲಚ್ ಅದಲ್ರಿ, ಮತ್ತೊಂದ್ ಯಾಕ್ರಿ?” ಅಂತ ನಕ್ಕು ಬಂದಿದ್ದೆ.

ಯಾಕೆ ಅಂತ ಆಮೇಲೆ ತಿಳಿಯಿತು. ಇಂಥ ಹಳೇ ಗಾಡಿಯಲ್ಲಿ ಕ್ಲಚ್ ಒತ್ತಿದರೆ ಎಂಜಿನ್ ಮಾತ್ರ ಬಿಟ್ಟುಕೊಳ್ಳುತ್ತದೆ. ಗರಗರ ತಿರುಗುತ್ತಿರುವ ಬ್ಲೇಡಿನ ಭಾರ ಅದನ್ನು ತಿರುಗಿಸುವ ಶಾಫ್ಟಿನ ಮೂಲಕವೇ ಗಾಲಿಗಳನ್ನು ಮುಂದಕ್ಕೆ ದಬ್ಬುತ್ತಲೇ ಇರುತ್ತದೆ. ಶಾಫ್ಟಿಗೆ ಆ ಎರಡನೇ ಕ್ಲಚ್ ಇದ್ದರೆ ಈ ನೂಕು ಗಾಲಿಯವರೆಗೆ ಬರುವುದಿಲ್ಲ.

ಆದರೆ ಆ ಹೊತ್ತಿಗೆ ನನಗೇನು ಗೊತ್ತು?

“ರೀ... ರೀ!” ಅಂತ ಕಿರುಚುತ್ತಿದ್ದೇನೆ. ಗಾಡಿ ಸದ್ದಿನಲ್ಲಿ ಅವರಿಗೆ ಕೇಳುತ್ತಿಲ್ಲ.

ಬ್ರೇಕ್ ಇದೆ ಅನ್ನುವುದೇ ಮರೆತುಹೋಗಿದೆ. ಎತ್ತು ನಿಲ್ಲಿಸುವ ಹಾಗೆ “ಹೋ... ಹೋ...” ಅನ್ನುತ್ತಿದ್ದೇನೆ, ಕಬ್ಬಿಣಕ್ಕೆ! ಕಾಲು ಕ್ಲಚ್ಚನ್ನೇ ಒತ್ತುತ್ತಿದೆ. ಗಾಡಿ ಹೋಗುತ್ತಲೇ ಇದೆ.

ಇನ್ನೆರಡು ಹೆಜ್ಜೆ. ಕಣ್ಣು ಮುಚ್ಚಿ ಸ್ಟೇರಿಂಗ್ ಎಳೆದೆ.

ಮುಂದಿನ ಗಾಲಿ ಅವರ ಪಕ್ಕದಲ್ಲೇ ಹಾದು, ಒಡ್ಡಿಗೆ ಬಡಿದು ಗಾಡಿ ನಿಂತಿತು. ಕಣ್ಣು ಬಿಡಲು ಧೈರ್ಯವಿಲ್ಲ. ಬಿಟ್ಟು ನೋಡಿದರೆ, ಅವರ ಹೆಗಲಿನಿಂದ ಜಾರಿದ ಟವೆಲ್ ದೊಡ್ಡ ಗಾಲಿಯ ಕೆಳಗಿತ್ತು. ಅವರು ಅದರ ಆಚೆ ಕೂತಿದ್ದರು.

ಎದ್ದು ಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ.

“ಯಾಕಬೇ, ಕ್ಲಚ್ ಒತ್ತಿಲ್ಲೇನು?”

ಅವರು ಕೆಳಗೆ ನೋಡಿದರು. ನನ್ನ ಎಡಗಾಲು ಇನ್ನೂ ಕ್ಲಚ್ ಮೇಲೇ, ತಳದವರೆಗೂ ಒತ್ತಿಕೊಂಡೇ ಇತ್ತು.

ಮರುದಿನವೇ ಮಹಿಬೂಬ್ ಅಣ್ಣನ ಹತ್ತಿರ ಹೋಗಿ ಎರಡನೇ ಕ್ಲಚ್ ಹಾಕಿಸಿದೆವು. ಈಗ ಒತ್ತಿದ ಕೂಡಲೇ ಗಾಡಿ ನಿಲ್ಲುತ್ತದೆ. ಭಯ ನಿಂತಿಲ್ಲ. ಅವರು ನನಗೆ ಬೆನ್ನು ಹಾಕಿ ನಡೆದರೆ ಸಾಕು, ಅಡುಗೆಮನೆಯಲ್ಲಿದ್ದರೂ ನನ್ನ ಎಡಗಾಲು ನೆಲ ಒತ್ತುತ್ತದೆ.

ನಿಮ್ಮ ಹಳೇ ಗಾಡಿಗೆ ಎಷ್ಟು ಕ್ಲಚ್ ಇವೆ, ಇಳಿದು ಒಮ್ಮೆ ನೋಡಿದ್ದೀರಾ?