ಏ ಕೇಳಿಲ್ಲೇ, ನೀರ ತಾ

ನಾನು ಕಲ್ಲೋಳಿಯಲ್ಲಿ ಗೃಹಿಣಿ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಅದೇ ಹುದ್ದೆ. ಬಡ್ತಿ ಇಲ್ಲ, ವರ್ಗಾವಣೆ ಇಲ್ಲ, ನಿವೃತ್ತಿಯ ಮಾತಂತೂ ಇಲ್ಲವೇ ಇಲ್ಲ. ಡಾಕ್ಟರರು, ಪೊಲೀಸರು, ಮಾಸ್ತರರು ತಮ್ಮ ನೌಕರಿಯ ಮರೆಯಲಾಗದ ಪ್ರಸಂಗ ಬರೆದದ್ದನ್ನು ಓದಿದಾಗಲೆಲ್ಲ, ನಮ್ಮ ಕೆಲಸದಲ್ಲೂ ಅಂಥದ್ದು ಇರುತ್ತದೆ, ಕೇಳುವವರಿಲ್ಲ ಅಷ್ಟೇ ಅನ್ನಿಸುತ್ತಿತ್ತು. ನನ್ನದು ನಡೆದದ್ದು ಎರಡು ವರ್ಷದ ಹಿಂದಿನ ಕಬ್ಬಿನ ಹಂಗಾಮಿನಲ್ಲಿ, ಮಾವನವರು ತೀರಿಕೊಂಡ ಮೇಲೆ. ಆ ಹಂಗಾಮಿನಲ್ಲಿ ನನಗಿದ್ದ ದೊಡ್ಡ ಕೆಲಸ ಒಂದೇ: ಅತ್ತೆ ಟ್ರ್ಯಾಕ್ಟರಿನ ಗಾಲಿಗೆ ಸಿಗದಂತೆ ನೋಡಿಕೊಳ್ಳುವುದು.

ಮೊದಲು ಮಾವನವರ ವಿಷಯ ಹೇಳಬೇಕು. ಅವರು ಬೆಂಜೋ ಕಂಪನಿಯ ಹಾಡುಗಾರರು. ಟೈಪರೈಟರಿನಂಥ ಗುಂಡಿಗಳಿರುವ ತಂತಿವಾದ್ಯಕ್ಕೆ ಕರೆಂಟು ಕೊಟ್ಟು ಬಾರಿಸುವುದು ಬೆಂಜೋ. ಅದಕ್ಕೆ ಡ್ರಮ್ಮು, ಕೀಬೋರ್ಡು, ಒಬ್ಬ ಹಾಡುಗಾರ ಕೂಡಿದರೆ ಕಂಪನಿ. ಈಗಿನವರಿಗೆ ರಾಕ್ ಸ್ಟಾರ್ ಅಂದರೆ ಬೇಗ ತಿಳಿದೀತು. ಕಪ್ಪು ಕನ್ನಡಕ, ಹೆಗಲಿಗೆ ಬೀಳುವ ಕೂದಲು, ಬಿಳಿ ಬೂಟು. ಗೋಕಾಕದಲ್ಲಿ ಕಾರ್ಯಕ್ರಮವಿದ್ದರೆ ಹುಕ್ಕೇರಿ ಕಡೆಯ ಜನ ಸಿಕ್ಕ ಲಾರಿ ಹತ್ತಿ ಬರುತ್ತಿದ್ದರಂತೆ. ಯಮಕನಮರಡಿಯ ಒಂದು ಮದುವೆಯಲ್ಲಿ ಮೆರವಣಿಗೆಯ ಮಂದಿ ಮದುಮಗನನ್ನು ಕುದುರೆಯ ಮೇಲೆ ಒಬ್ಬನನ್ನೇ ಬಿಟ್ಟು ಇವರ ಹಿಂದೆ ಹೋದರು ಎಂದು ಅತ್ತೆ ಇವತ್ತಿಗೂ ಹೇಳಿ ನಗುತ್ತಾರೆ.

ಆ ಕಂಪನಿಯಲ್ಲಿ ಅತ್ತೆಗೂ ಒಂದು ಕೆಲಸವಿತ್ತು. ಮಾವನವರ ಗಂಟಲು ಬೇಗ ಒಣಗುತ್ತಿತ್ತು. ಅತ್ತೆ ಹಿತ್ತಾಳೆ ತಂಬಿಗೆಯಲ್ಲಿ ನೀರು ಹಿಡಿದುಕೊಂಡು ಪರದೆಯ ಹಿಂದೆ ಕೂರುವರು. ಹಾಡು ಮುಗಿದ ಕೂಡಲೇ ಮಾವ ಮೈಕು ಬಂದ್ ಮಾಡಿ, ಹಿಂದಕ್ಕೆ ಹೊರಳಿ, "ಏ ಕೇಳಿಲ್ಲೇ, ನೀರ ತಾ" ಅನ್ನುವರು. ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಅವರ ಕಾಲದ ರೂಢಿಯಲ್ಲ. 'ಇಲ್ಲಿ ಕೇಳೇ' ಎಂಬ ಅರ್ಥದ 'ಕೇಳಿಲ್ಲೇ' ಅನ್ನುವುದೇ ಅತ್ತೆಯ ಹೆಸರಾಗಿತ್ತು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಆ ಕೂಗಿಗೆ ನಾನೇ ನೀರು ಒಯ್ದರೆ ಮಾವ ತಂಬಿಗೆ ಇಸಿದುಕೊಂಡು ಪಕ್ಕಕ್ಕಿಡುತ್ತಿದ್ದರು. ಅತ್ತೆ ಬಂದು ಅದನ್ನೇ ಎತ್ತಿ ಕೊಟ್ಟಮೇಲೆ ಕುಡಿಯುತ್ತಿದ್ದರು.

ಡಿಜೆ ಬಂದ ಮೇಲೆ ಬೆಂಜೋ ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಮಾವ ಬಹಳ ವರ್ಷ ಸುಮ್ಮನೆ ಕುಳಿತರು. ಆಮೇಲೆ ಮೂಡಲಗಿಯ ಒಂದು ರೆಕಾರ್ಡಿಂಗ್ ಕೋಣೆಯ ಹುಡುಗರು ಬಂದು, "ಅಜ್ಜಾ, ಟ್ರ್ಯಾಕ್ಟರ್ ಮ್ಯಾಲಿನ ಹಾಡ ಐತಿ, ನಿಮ್ಮ ದನೀನ ಬೇಕು" ಎಂದು ಕರೆದುಕೊಂಡು ಹೋದರು. ಅತ್ತೆ, ನಾನು, ತಂಬಿಗೆ, ಮೂವರೂ ಜೊತೆಗೆ ಹೋದೆವು. ಸದ್ದು ಮಾರ್ದನಿಸದಂತೆ ಗೋಡೆಗೆ ತತ್ತಿ ಇಡುವ ಟ್ರೇ ಬಡಿದ ಸಣ್ಣ ಕೋಣೆ. ಕಬ್ಬಿನ ಡ್ರೈವರ ಮತ್ತು ಬಾವಿಯ ಹತ್ತಿರದ ಹುಡುಗಿಯ ಹಾಡು. ಒಂದು ಚರಣ ಮುಗಿದು ಬರೀ ಮ್ಯೂಸಿಕ್ಕು ನಡೆದಾಗ ಮಾವ ಹಳೆಯ ರೂಢಿಯಂತೆ ಹಿಂದೆ ಹೊರಳಿ ಕೂಗಿಬಿಟ್ಟರು: "ಏ ಕೇಳಿಲ್ಲೇ, ನೀರ ತಾ!"

ಮೈಕು ಚಾಲೂ ಇತ್ತು. ನಾವೆಲ್ಲ ಕೆಟ್ಟಿತೆಂದು ಗಾಬರಿಯಾದೆವು. ಕಂಪ್ಯೂಟರಿನ ಮುಂದಿದ್ದ ಹುಡುಗ ಕಿವಿಯ ಹೆಡ್‌ಫೋನು ತೆಗೆದು, "ಅಜ್ಜಾ, ಉಳದದ್ದೆಲ್ಲಾ ತಗದ್ರೂ ಇದೊಂದ ತಗ್ಯಾಂಗಿಲ್ಲ ನಾ" ಎಂದ. ಒಂದು ತುಣುಕನ್ನು ಕತ್ತರಿಸಿ ಮತ್ತೆ ಮತ್ತೆ ಜೋಡಿಸುವುದಕ್ಕೆ ಅವರು ಲೂಪ್ ಅನ್ನುತ್ತಾರೆ. ಹಾಗೆ ಪ್ರತಿ ಚರಣದ ಕೊನೆಗೆ ಆ ಕೂಗು ಕೂತಿತು, ಅದರ ಹಿಂದೆ ಎದೆ ನಡುಗಿಸುವ ಡಿಜೆ ಪೆಟ್ಟು. ಡ್ರೈವರ ತನ್ನ ಹುಡುಗಿಯನ್ನು ಕರೆಯುತ್ತಿದ್ದಾನೆ ಎಂದು ಕೇಳಿದವರೆಲ್ಲ ತಿಳಿದರು. ಮಾವನವರ ಜೀವಮಾನದ ಯಾವ ಹಾಡೂ ಓಡದಷ್ಟು ಅದು ಓಡಿತು. ಮದುವೆಯ ವರಾತದ ಮೆರವಣಿಗೆಯಲ್ಲಿ ಹುಡುಗರು ಕೈಯನ್ನು ತಂಬಿಗೆಯಂತೆ ಮಾಡಿ ಬಾಯಿಗೆ ಎತ್ತಿ ಕುಣಿಯುತ್ತಿದ್ದರು.

ಮನೆಯಲ್ಲಿ ಮಾತ್ರ ವಾದ ಶುರುವಾಯಿತು. ನನ್ನ ಮೈದುನ ಮಹಾಂತೇಶ ಹುಕ್ಕೇರಿಯಲ್ಲಿ ಕಾಲೇಜು ಮಾಸ್ತರ. ರವಿವಾರ ಬಂದವನು ಕಟ್ಟೆಯ ಮೇಲೆ ಕೂತು ಅಪ್ಪನ ಜೊತೆ ಜಗಳಕ್ಕೇ ನಿಂತ. ಮಾವನವರ ಕಂಪನಿಯಲ್ಲಿ ಬೆಂಜೋ ಬಾರಿಸುತ್ತಿದ್ದ ರಜಾಕ್ ಕಾಕಾ ಗೋಕಾಕದಿಂದ ಬಂದಿದ್ದರು. ಅವರು ಈಗ ಗಾದಿ ಹೊಲಿಯುತ್ತಾರೆ.

"ಕ್ಲಾಸಿನ್ಯಾಗ ಹಿಂದಿನ ಬೆಂಚಿನವು 'ಸರ್, ನೀರ ತಾ' ಅಂತಾವಪಾ," ಎಂದ ಮಹಾಂತೇಶ. "ಆ ಹಳೇ ಹಾಡ ಹಾಡಿದ ಬಾಯಿಲೆ ಇದನ್ನ ಹಾಡಬೇಕಿತ್ತೇನ?"

"ಕೊಡೋ ಮಾಸ್ತರ, ಹುಡುಗೂರಿಗೆ ನೀರ ಕೊಟ್ರ ಪುಣ್ಯೇ ಬರತೈತಿ," ಎಂದರು ರಜಾಕ್ ಕಾಕಾ.

"ಕಾಕಾ, ಚ್ಯಾಷ್ಟಿ ಮಾಡಬ್ಯಾಡ್ರಿ."

"ಚ್ಯಾಷ್ಟಿ ಅಲ್ಲೋ. ಹಳೇ ಹಾಡ, ಹಳೇ ಹಾಡ ಅಂತಿ. ಅವುಕ್ಕ ದಾಟಿ ಎಲ್ಲಿಂದ ಬಂದಿದ್ವು? ಅರ್ಧ ಮುಂಬೈದು, ಅರ್ಧ ಕೊಲ್ಲಾಪುರದ್ದು. ರೇಡಿಯೋ ಕೇಳಿ ಕದ್ದು ತಂದು ಬೆಂಜೋಕ ಕೂಡಸಿದಾಂವ ನಾನ ಅದೇನಿ."

"ದಾಟಿ ಕದ್ರಿ, ಶಬ್ದ ಕದೀಲಿಲ್ಲ. ಹೊಲದ ಮ್ಯಾಲೆ, ಹಡದವ್ವನ ಮ್ಯಾಲೆ ಅಪ್ಪ ತಾನ ಕಟ್ಟಿದ್ದ. ಇದರಾಗ ಏನೈತಿ? ದಢಮ್ ದಢಮ್."

ಮಾವ ನಡುವೆ ಬಾಯಿ ಹಾಕಿದರು. "ಹುಡುಗೂರು ಕುಣ್ಯಾಕತ್ತಾವಲ್ಲೋ. ಮುದುಕಂಗ ಮತ್ತೇನ ಬೇಕ?" ಅಂದವರೇ ಒಳಗೆ ಹೊರಳಿ, "ಏ ಕೇಳಿಲ್ಲೇ..." ಎಂದರು. ಎಲ್ಲರೂ ನಕ್ಕೆವು. ಮಹಾಂತೇಶ ನಗಬಾರದು ಎಂದು ಆಚೆ ಮುಖ ಮಾಡಿದ, ಆದರೆ ಅವನ ಹೆಗಲು ಅಲುಗುತ್ತಿದ್ದವು. ದೇವರು ನಮ್ಮ ಮನೆಗೆ ಕೊಟ್ಟ ಒಳ್ಳೆಯ ದಿನಗಳಲ್ಲಿ ಅದೂ ಒಂದು.

ಮಳೆಗಾಲ ಮುಗಿಯುವ ಹೊತ್ತಿಗೆ ಮಾವನವರಿಗೆ ಲಕ್ವಾ ಹೊಡೆಯಿತು. ದವಾಖಾನೆಯಲ್ಲಿ ಡಾಕ್ಟರರು ನಮಗೆ ತಿಳಿಸಿ ಹೇಳಿದರು: ನುಂಗುವ ಶಕ್ತಿ ಹೋಗಿದೆ, ಬಾಯಿಗೆ ಒಂದು ಗುಟುಕು ಹಾಕಿದರೂ ನೀರು ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಮೂಗಿನಿಂದ ನಳಿಗೆ ಹಾಕುವವರೆಗೆ ತುಟಿಗೆ ಒದ್ದೆ ಹತ್ತಿ ಒತ್ತಿರಿ, ಅಷ್ಟೇ. ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು. ತಂಬಿಗೆ ಮಡಿಲಲ್ಲಿತ್ತು. ಮಾವನವರ ಬಾಯಿ ಒಂದು ಕಡೆ ಎಳೆದಿತ್ತು, ಮಾತು ತೊದಲುತ್ತಿತ್ತು. ಆದರೂ "ಕೇಳಿಲ್ಲೇ" ಅನ್ನುವುದು ಸ್ಪಷ್ಟವಾಗಿ ಬಂತು. ಮುಂದಿನ ಮಾತು ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಅತ್ತೆ ಡಾಕ್ಟರರ ಮಾತು ಮೀರಲಿಲ್ಲ. ಹತ್ತಿ ಒತ್ತಿದರು. ಮಾವ ಮತ್ತೆ ಕರೆದರು, ಅತ್ತೆ ಮತ್ತೆ ಹತ್ತಿ ಒತ್ತಿದರು. ನಳಿಗೆ ಹಾಕುವ ಮೊದಲೇ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾವ ಹೋದರು.

ಡಾಕ್ಟರರದು ತಪ್ಪಿಲ್ಲ. ಅತ್ತೆಯದೂ ತಪ್ಪಿಲ್ಲ. ಆದರೆ ತಂಬಿಗೆ ತುಂಬಿದ್ದು ತುಂಬಿದಂತೆಯೇ ಮನೆಗೆ ಬಂತು. ಆವತ್ತಿನಿಂದ ಅತ್ತೆ ನೀರು ಕುಡಿಯುವುದನ್ನೇ ಬಿಟ್ಟಂತಾಯಿತು. ಚಹಾ, ಮಜ್ಜಿಗೆ ನಡೆಯುತ್ತಿತ್ತು, ನೀರು ಮಾತ್ರ ಗುಳಿಗೆ ನುಂಗುವುದಕ್ಕೆ ಒಂದು ಗುಟುಕು, ಅದೂ ನಾನು ಎದುರಿಗೆ ನಿಂತರೆ.

ಹಂಗಾಮು ಶುರುವಾಯಿತು. ನಮ್ಮ ಮನೆ ರಸ್ತೆಯ ಬಾಜೂಕೇ ಇದೆ. ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ದೊಡ್ಡ ಸ್ಪೀಕರ್ ಹಚ್ಚಿಕೊಂಡು ಇದೇ ದಾರಿಯಲ್ಲಿ ಕಾರ್ಖಾನೆಗೆ ಹೋಗುತ್ತವೆ. ಮೊದಲ ವಾರವೇ, ಮಧ್ಯಾಹ್ನ, ನಾನು ರೊಟ್ಟಿ ಬಡಿಯುತ್ತಿದ್ದೆ. ದೂರದಿಂದ ಮಾವನವರ ದನಿ ಬಂತು. ಸತ್ತು ಮಣ್ಣಾದ ಮನುಷ್ಯನ ದನಿ, ಊರಿಗೆಲ್ಲ ಕೇಳುವಂತೆ. ನನ್ನ ಕೈಯಲ್ಲಿನ ಹಿಟ್ಟು ಅಲ್ಲೇ ನಿಂತಿತು. ಆಮೇಲೆ ಬ್ರೇಕಿನ ಕಿರಿಚು ಕೇಳಿ ಓಡಿದೆ. ಅತ್ತೆ ನಡುರಸ್ತೆಯಲ್ಲಿ ತಂಬಿಗೆ ಎತ್ತಿ ಹಿಡಿದು ನಿಂತಿದ್ದರು. ಗಾಲಿ ಅವರ ಸೀರೆಯ ನೆರಿಗೆಗೆ ತಾಗುವಷ್ಟು ಹತ್ತಿರವಿತ್ತು. ತುಂಬಿದ ಗಾಡಿಯನ್ನು ಹಾಗೆ ನಿಲ್ಲಿಸುವುದು ಸುಲಭವಲ್ಲ. ಎಂಜಿನ್ನು ನಿಂತರೂ ಹಿಂದಿನ ಟ್ರೇಲರುಗಳ ಭಾರ ಮುಂದಕ್ಕೆ ದಬ್ಬುತ್ತದೆ. ಆವತ್ತು ದಬ್ಬಲಿಲ್ಲ. ಹಣಮಪ್ಪಾ, ಅದು ನಿನ್ನ ಉಪಕಾರ.

ಡ್ರೈವರ ಕೌಜಲಗಿಯ ಹುಡುಗ, ಸೀಟಿನಿಂದಲೇ ಒದರಿದ. "ಏ ಆಯೀ, ಸಾಯಾಕ ನನ್ನ ಗಾಡೀನ ಬೇಕಾತೇನ ನಿನಗ?"

ಅತ್ತೆ ಅವನನ್ನು ನೋಡಲೇ ಇಲ್ಲ. ಅವನ ತಲೆಯ ಮೇಲಿನ ಸ್ಪೀಕರ್ ನೋಡುತ್ತಿದ್ದರು.

ಕೈ ಹಿಡಿದು ಒಳಗೆ ತಂದು ಕೂಡಿಸಿ, "ಅತ್ತಿ, ಮಾವಾರು ಇಲ್ರಿ ಈಗ" ಎಂದೆ.

"ಗೊತ್ತೈತಿ ಬಿಡ. ಕುಂಕುಮ ಅಳಿಸಿಕೊಂಡಾಕಿ ನಾನೋ ನೀನೋ? ತಲಿ ಕೆಟ್ಟಿಲ್ಲ ನಂದು. ಆದ್ರ ಕರದಾಗ ಕುಂಡ್ರಾಕ ಆಗವಲ್ದು."

ಎರಡನೆಯ ಸಲ ಆ ಹಾಡು ಬಂದಾಗ ಬಾಗಿಲು ಮುಚ್ಚಿ ಅಗಳಿ ಹಾಕಿದೆ. ಹಾಡು ಹಾದು ಹೋಗುವವರೆಗೆ ಅತ್ತೆ ಒಳಗಿನಿಂದ ಬಾಗಿಲು ಬಡಿದರು. "ಬಾಯಿ ಒಣಗೇತಿ ಅವಂದು, ಬಿಡ ನನ್ನ" ಅನ್ನುತ್ತಿದ್ದರು. ಆ ಬಡಿತ ನನ್ನ ಕಿವಿಯಲ್ಲಿ ಇನ್ನೂ ಇದೆ.

ಸುದ್ದಿ ತಿಳಿದು ಮಹಾಂತೇಶ ಮೂಡಲಗಿಗೆ ಫೋನು ಮಾಡಿದ, ಹಾಡು ತೆಗೆಯಿರಿ ಎಂದ. ಅವರು ಪಾಪ, ತಮ್ಮ ಕಡೆಯಿಂದ ತೆಗೆಯುತ್ತೇವೆ, ಆದರೆ ಒಬ್ಬೊಬ್ಬರ ಮೊಬೈಲಿನಲ್ಲಿರುವುದನ್ನು ಹೇಗೆ ತೆಗೆಯುವುದು ಎಂದರು. ಮರುದಿನ ಅವನು ಗೇಟಿಗೆ ಹಾಕಲು ಕೀಲಿ ತಂದ. ಜೊತೆಗೆ ಅಪ್ಪನ ಹಳೆಯ ಕ್ಯಾಸೆಟ್ಟಿನ ಹಾಡುಗಳನ್ನು ಮೊಬೈಲಿಗೆ ಇಳಿಸಿಕೊಂಡು ಬಂದಿದ್ದ. ರಜಾಕ್ ಕಾಕಾನನ್ನೂ ಕರೆತಂದಿದ್ದ.

"ಆ ಹಾಡ ಅಪ್ಪನ ಹೆಸರ ತಿಂತು, ಈಗ ಅವ್ವನ ಜೀವಾ ತಿನ್ನಾಕ ನಿಂತೈತಿ," ಎಂದ. ಮೊಬೈಲು ನನ್ನ ಕೈಗೆ ಕೊಟ್ಟ. "ವೈನಿ, ಇವನ್ನ ಹಚ್ಚಿಕೊಡ್ರಿ. ಖರೇ ಅಪ್ಪ ಇದರಾಗ ಅದಾನ."

ಹಳೆಯ ಹಾಡುಗಳು ನಿಜವಾಗಿಯೂ ಚೆನ್ನಾಗಿದ್ದವು. ಹಡೆದವ್ವನ ಹಾಡು ಬಂದಾಗ ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ, ರಜಾಕ್ ಕಾಕಾನ ಬೆರಳು ತೊಡೆಯ ಮೇಲೆ ಬೆಂಜೋ ಬಾರಿಸುತ್ತಿದ್ದವು. ಅತ್ತೆ ಬತ್ತಿ ಹೊಸೆಯುತ್ತ ಪೂರ್ತಿ ಕೇಳಿದರು.

"ಚಲೋ ಅದಾವಪಾ," ಎಂದರು.

"ಮತ್ತ? ಆ ದಢಮ್ ದಢಮ್ಮಿಗೆ ಯಾಕ ಓಡ್ತಿಬೇ ಅವ್ವಾ?"

ಅತ್ತೆ ಬತ್ತಿಯನ್ನು ತಟ್ಟೆಯಲ್ಲಿಟ್ಟರು. "ಇವೆಲ್ಲಾ ಊರ ಮಂದೀಗೆ ಹಾಡಿದ್ದು. ಇವು ನಡದಾಗ ನಾ ಪರದೆ ಹಿಂದ ಇರ್ತಿದ್ದೆ. ನನ್ನ ಕರಿಯೂ ಮುಂದ ಮೈಕ ಬಂದ್ ಮಾಡತಿದ್ದ. ಅದೊಂದ ಹಾಡಿನ್ಯಾಗ ಬಂದ್ ಮಾಡೂದು ಮರತಾನ ನೋಡ."

ರಜಾಕ್ ಕಾಕಾ ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು. ಮಹಾಂತೇಶ ಕೈಯಲ್ಲಿದ್ದ ಕೀಲಿಯನ್ನು ನೋಡುತ್ತ ಕೂತ. ಆಮೇಲೆ ಅದನ್ನು ಚೀಲಕ್ಕೆ ಹಾಕಿಕೊಂಡ.

ಯಾವ ಹಾಡು ಮೇಲು ಅನ್ನುವ ವಾದ ಅಲ್ಲಿಗೆ ನಿಂತಿತು, ಆದರೆ ಟ್ರ್ಯಾಕ್ಟರು ನಿಲ್ಲಲಿಲ್ಲವಲ್ಲ. ಆ ರಾತ್ರಿ ದೇವರ ಮುಂದೆ ಬುದ್ಧಿ ಕೊಡು ಎಂದು ಬೇಡಿಕೊಂಡೆ. ಬೆಳಿಗ್ಗೆ ನೀರು ತುಂಬುವಾಗ ಹೊಳೆಯಿತು. ದೊಡ್ಡದೇನಲ್ಲ, ಅಡಿಗೆಮನೆಯ ಬುದ್ಧಿ. ಅತ್ತೆ ರಸ್ತೆಗೆ ಹೋಗಬಾರದು ಅಂದರೆ ರಸ್ತೆಯವರು ಅತ್ತೆಯ ಹತ್ತಿರ ಬರಬೇಕು. ಗೇಟಿನ ಒಳಗಿನ ಕಟ್ಟೆಯ ಮೇಲೆ ಮಣ್ಣಿನ ಹರವಿ ಇಟ್ಟು, ಒದ್ದೆ ಅರಿವೆ ಸುತ್ತಿ, ಬಾಜೂಕ ಅತ್ತೆಗೆ ಕುರ್ಚಿ ಹಾಕಿದೆ. ಕೌಜಲಗಿಯ ಆ ಹುಡುಗ ಬರುವ ಹೊತ್ತಿಗೆ ನಾನೇ ರಸ್ತೆಯಂಚಿಗೆ ನಿಂತು ಕೈ ಮಾಡಿ ಗಾಡಿ ನಿಲ್ಲಿಸಿದೆ. ಸಂಗತಿ ಹೇಳಿದೆ. ಹಾಡಿದವರು ಯಾರೆಂದು ಅವನಿಗೆ ಗೊತ್ತೇ ಇರಲಿಲ್ಲ. ಕೇಳಿದವನೇ ಹಾಡು ನಡೆದಿರುವಾಗಲೇ ಇಳಿದು ಬಂದು ಅತ್ತೆಯ ಮುಂದೆ ಬೊಗಸೆ ಒಡ್ಡಿದ. ಅತ್ತೆ ಅವಸರದಿಂದ ತಂಬಿಗೆ ಬಗ್ಗಿಸಿದ್ದಕ್ಕೆ ಅರ್ಧ ನೀರು ಅವನ ಅಂಗಿಯ ಮೇಲೆ ಚೆಲ್ಲಿತು.

"ಆಯೀ, ಕುಡ್ಯಾಕ ಕೊಡಾಕತ್ತೀಯೋ, ಜಳಕಾ ಮಾಡಸಾಕತ್ತೀಯೋ?" ಎಂದ.

ಅತ್ತೆ ನಕ್ಕರು. ದವಾಖಾನೆಯಿಂದ ಬಂದ ಮೇಲೆ ಮೊದಲ ಸಲ.

ಡ್ರೈವರಗಳಲ್ಲಿ ಮಾತು ಹಬ್ಬಿತು. ನಮ್ಮ ಮನೆ ಬಂತೆಂದರೆ ವೇಗ ಕಡಿಮೆ ಮಾಡುವರು, ಹಲವರು ಇಳಿದು ಕುಡಿಯುವರು. ಅತ್ತೆ ಪ್ರತಿಯೊಬ್ಬನಿಗೂ "ಸಾಕಾತೇನ?" ಎಂದು ಕೇಳುವರು. "ಸಾಕಾತ ಆಯೀ" ಎಂದರೂ ಅವನ ಹಿಂದಿನ ಸ್ಪೀಕರಿನ ಕಡೆಗೇ ಕಿವಿಗೊಡುವರು. ಅಲ್ಲಿ ಮಾತ್ರ ಸಾಕಾಗುತ್ತಿರಲಿಲ್ಲ. ಮಾವ ಮತ್ತೆ ಕರೆಯುತ್ತಿದ್ದರು, ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ. ಆದರೆ ಅತ್ತೆ ಗೇಟು ದಾಟಲಿಲ್ಲ. ರವಿವಾರ ಬಂದರೆ ಹರವಿ ತುಂಬುವುದು ಮಹಾಂತೇಶನ ಕೆಲಸವಾಯಿತು. ಹಾಡು ಇವತ್ತಿಗೂ ಅವನಿಗೆ ಸೇರುವುದಿಲ್ಲ, ಹರವಿ ಮಾತ್ರ ಕಂಠಮಟ ತುಂಬುತ್ತಾನೆ.

ಹಂಗಾಮು ಮುಗಿಯಿತು. ರಸ್ತೆ ಖಾಲಿಯಾಯಿತು. ಅತ್ತೆ ರೂಢಿಯಂತೆ ತಂಬಿಗೆ ಹಿಡಿದು ಇಳಿಹೊತ್ತಿನವರೆಗೆ ಕೂತರು. ನನಗೆ ಆ ಸದ್ದಿಲ್ಲದ ರಸ್ತೆಯನ್ನು ನೋಡಿ ಹೆಚ್ಚು ಭಯವಾಯಿತು.

"ಇವತ್ತ ಕರೀಲಿಲ್ಲ," ಎಂದರು.

"ಇಲ್ರಿ ಅತ್ತಿ."

ಅತ್ತೆ ತಂಬಿಗೆ ಎತ್ತಿ ತಮ್ಮ ಬಾಯಿಗೆ ಇಟ್ಟರು. ಗಟಗಟ ಕುಡಿದರು. ಮುಗಿಸಿ, "ಇನ್ನಷ್ಟ ಹಾಕ" ಎಂದರು. ನಾನು ದೇವರ ಕೋಣೆಗೆ ಹೋಗಲಿಲ್ಲ, ಅಲ್ಲೇ ಹರವಿಯ ಮುಂದೆ ಕೈ ಮುಗಿದೆ.

ಈಗ ಆ ಹಾಡು ಹಳೆಯದಾಗಿದೆ. ಹುಡುಗರು ಹೊಸ ಹಾಡು ಹಚ್ಚುತ್ತಾರೆ. ಇಂಥ ಹಾಡುಗಳ ಆಯುಷ್ಯ ಇಷ್ಟೇ ಎನ್ನುತ್ತಾನೆ ಮಹಾಂತೇಶ, ಇದ್ದೀತು. ಯಾವುದು ಉಳಿಯುವ ಹಾಡು, ಯಾವುದು ಅಳಿಯುವ ಹಾಡು ಎಂದು ಹೇಳುವಷ್ಟು ನಾನು ಓದಿಲ್ಲ. ನನ್ನ ಕೆಲಸ ಕಲಿಸಿದ್ದು ಇಷ್ಟು: ಮನೆಯಲ್ಲಿ ಯಾರೋ ಯಾರನ್ನೋ ಕರೆಯುತ್ತಾರೆ, ಕರೆದದ್ದು ಸರಿಯೇ ತಪ್ಪೇ ಎಂದು ನಿರ್ಣಯ ಮಾಡುವ ಮೊದಲು ನೀರು ತುಂಬಿ ಇಟ್ಟಿರಬೇಕು.

ಮೊನ್ನೆ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಯಾವುದೋ ಒಂಟಿ ಟ್ರ್ಯಾಕ್ಟರು ಆ ಹಾಡು ಹಚ್ಚಿಕೊಂಡು ಬಂತು. ಅತ್ತೆ ಎದ್ದರೇನೋ ಎಂದು ಓಡಿ ಬಂದೆ. ಅವರು ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ಸಾವಕಾಶ ಆಡುತ್ತಿತ್ತು. ಗೇಟಿನ ಹತ್ತಿರ ನಿಂತವಳು ನಾನು. ಕೈಯಲ್ಲಿ ತುಂಬಿದ ತಂಬಿಗೆ ಇತ್ತು. ಅದನ್ನು ಯಾವಾಗ ತುಂಬಿಕೊಂಡೆನೋ ನನಗೆ ಗೊತ್ತಿಲ್ಲ.