ಅಕ್ಕನ ಕಿವಿಗೆ ಸಿಕ್ಕ ಪುಟಸಂಖ್ಯೆ

ನನ್ನ ಗಂಡನ ಅಕ್ಕನನ್ನು ನಾನೂ ಅಕ್ಕ ಎಂದೇ ಕರೆಯುತ್ತೇನೆ. ಹುಟ್ಟಿನಿಂದ ಕಣ್ಣು ಕಾಣದ ಅವಳ ಕೆಲಸ, ಶಾಲಾಪುಸ್ತಕಗಳನ್ನು ಬ್ರೈಲ್ ಲಿಪಿಯಲ್ಲಿ ಅಚ್ಚಿಗೆ ಅಣಿಗೊಳಿಸುವುದು. ಊಟದ ಮೇಜಿನ ಒಂದು ತುದಿಯಲ್ಲಿ ಅವಳ ಕಂಪ್ಯೂಟರ್, ಇನ್ನೊಂದು ತುದಿಯಲ್ಲಿ ಮಗಳ ಬಟ್ಟೆ ಮಡಿಸುತ್ತ ನಾನು. ಪರದೆಯ ಮೇಲಿರುವುದನ್ನೆಲ್ಲ ಯಂತ್ರ ಅವಳಿಗೆ ಓದಿ ಹೇಳುತ್ತದೆ, ತಗಡಿನ ಮೇಲೆ ಕಾಳು ಸುರಿದಷ್ಟು ವೇಗದಲ್ಲಿ. ನನ್ನವರು ತಮ್ಮ ಅಕ್ಕನಿಗೆ ಇಟ್ಟಿರುವ ಹೆಸರೇ ‘ರೇಡಿಯೋ’.

ಇವತ್ತು ಬೆಳಗ್ಗೆ ರೇಡಿಯೋ ಮೌನವಾಗಿಬಿಟ್ಟಳು. ಮಧ್ಯಾಹ್ನ ಅಚ್ಚಿಗೆ ಹೋಗಬೇಕಿದ್ದ ವಿಜ್ಞಾನ ಪುಸ್ತಕದಲ್ಲಿ, ಪ್ರತಿ ಕೋಷ್ಟಕ ಮುಗಿದ ಮೇಲೂ ಪುಟಸಂಖ್ಯೆ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಇವತ್ತು ಕಳಿಸದಿದ್ದರೆ ಅಚ್ಚಿನ ಸರದಿ ತಪ್ಪುತ್ತದೆ, ಶಾಲೆ ತೆರೆದಾಗ ಮಕ್ಕಳ ಕೈಯಲ್ಲಿ ಪುಸ್ತಕ ಇರುವುದಿಲ್ಲ.

ಪುಟಸಂಖ್ಯೆ ಹಾಕುವುದು, ಎಡಿಟರ್ ಎಂಬ ಬರವಣಿಗೆಯ ತಂತ್ರಾಂಶಕ್ಕಾಗಿ ಅಕ್ಕ ತಾನೇ ಬರೆದುಕೊಂಡ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ. ಕೋಷ್ಟಕ ಎದುರಾದಾಗ ಅದು ಅವಳ ಕಚೇರಿಯವರ ಇನ್ನೊಂದು ಸ್ಕ್ರಿಪ್ಟನ್ನು ಓಡಿಸುತ್ತದೆ. ಎರಡನ್ನೂ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಯಾವ ತಪ್ಪೂ ಕಾಣಲಿಲ್ಲ.

“ನೀನು ನೋಡಿದ್ದು ಸಾಕಮ್ಮ. ಸ್ವಲ್ಪ ಸುಮ್ನಿರು, ನಾನು ಕೇಳ್ತೀನಿ,” ಎಂದಳು ಅಕ್ಕ.

ಯಂತ್ರ ಶುರುಮಾಡಿತು. ಎಸ್ ಲೈನ್, ಎಸ್ ಮಾರ್ಜಿನ್, ಎಸ್ ಚಾಪ್ಟರ್... ಆಮೇಲೆ ನನಗೆ ಬರೀ ಗದ್ದಲ. ಅಕ್ಕ ತಟ್ಟನೆ ಕೈ ಎತ್ತಿದಳು.

“ಇಲ್ಲೇ! ತಾಳ ತಪ್ಪಿತು. ಪುಟಸಂಖ್ಯೆ ಇಟ್ಕೊಳ್ಳೋ ಪೇಜ್‌ಗೆ ಮೊದಲು ಎಸ್ ಇಲ್ಲ.”

“ಇಲ್ದಿದ್ರೆ ಏನೀಗ?”

“ಮಗಳ ನೀರಿನ ಬಾಟ್ಲಿಗೆ ಹೆಸರು ಯಾಕೆ ಅಂಟಿಸ್ತೀಯ? ಎಸ್ ಅಂದ್ರೆ ಈ ಫೈಲಿಗೆ ಮಾತ್ರ ಸೇರಿದ್ದು. ಏನೂ ಹಾಕ್ದೇ ಇದ್ರೆ ಎಡಿಟರೇ ತೀರ್ಮಾನ ಮಾಡುತ್ತೆ. ಫಂಕ್ಷನ್ ಅನ್ನೋ ತುಂಡಿನ ಒಳಗಿದ್ರೆ ಅಲ್ಲಿಯದು, ಹೊರಗಿದ್ರೆ ಎಲ್ಲರದ್ದು. ನನ್ನದು ಹೊರಗಿದೆ, ಕಚೇರಿಯವರದ್ರಲ್ಲೂ ಹೊರಗೇ ಬರೀ ಪೇಜ್ ಇದೆ. ಅವರು ಒಂದು ಅಂತ ಹಾಕಿದ್ರು, ನನ್ನದೂ ಒಂದಾಯ್ತು.”

“ತಪ್ಪಿದೆ ಅಂತ ಯಂತ್ರ ತುಟಿ ಬಿಚ್ಚಲೇ ಇಲ್ವಲ್ಲ ಅಕ್ಕ!”

“ಅದಕ್ಕೇನು, ಹೆಸರು ಸಿಕ್ತು, ತಗೊಂಡಿತು. ಕಣ್ಣಿರೋರು ಮೇಲೆ ಕೆಳಗೆ ನೋಡಿ ಒಳಗಾ ಹೊರಗಾ ಅಂತ ತಿಳ್ಕೋತೀರಿ. ನನಗೆ ಒಂದು ಸಲಕ್ಕೆ ಒಂದೇ ಸಾಲು. ತಾನು ಎಲ್ಲಿಯದು ಅಂತ ಹೆಸರೇ ಹೇಳ್ಬೇಕು. ಅದಕ್ಕೇ ಎಲ್ಲದಕ್ಕೂ ಗುರುತು ಹಾಕೋದು.”

“ಮತ್ತೆ ಇದೊಂದನ್ನ ಬಿಟ್ಟವರು ಯಾರು?”

“ನಾನೇ! ನಿನ್ನ ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡು ಒಂದೇ ಕೈಯಲ್ಲಿ ಬರೆದಿದ್ದು. ಅರ್ಧ ಬೈಗುಳ ಅವಳಿಗೆ.”

ಎಸ್ ಸೇರಿಸಿ ಮತ್ತೆ ಓಡಿಸಿದಳು. ಕೋಷ್ಟಕ ದಾಟಿದರೂ ಪುಟಸಂಖ್ಯೆ ಏರುತ್ತಲೇ ಹೋಯಿತು. ಒಂದೊಂದು ಕೋಷ್ಟಕದ ಹಿಂದುಮುಂದನ್ನೂ ಕೇಳಿಸಿಕೊಂಡ ಮೇಲೆಯೇ ಪುಸ್ತಕವನ್ನು ಕಳಿಸಿ, “ಹೋಯ್ತು,” ಎಂದು ಕುರ್ಚಿಗೆ ಒರಗಿದಳು.

ಆಮೇಲೆ ನಾನೂ ಕಣ್ಣು ಮುಚ್ಚಿ, ಅವೇ ಸಾಲುಗಳನ್ನು ಅದೇ ವೇಗದಲ್ಲಿ ಹಾಕಿಸಿಕೊಂಡೆ. ಒಂದಕ್ಷರವೂ ದಕ್ಕಲಿಲ್ಲ. ಇಷ್ಟು ಸದ್ದಿನ ನಡುವೆ, ಇಲ್ಲದೇ ಹೋದ ಒಂದಕ್ಷರ ಅವಳಿಗೆ ಕೇಳಿಸಿತ್ತಲ್ಲ!

“ನಿಧಾನ ಮಾಡ್ಲಾ?” ಎಂದಳು ಅಕ್ಕ.

“ಬೇಡ. ಇನ್ನೊಂದ್ಸಲ ಹಾಗೇ ಹಾಕು,” ಎಂದೆ.